ಟಾಕಿಯ ಮುಚ್ಚಳ

ಬೀರಪ್ಪ ಹಳೆಯ ಮೋಟಾರ್ ಸೈಕಲ್ ತಳ್ಳಿಕೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸಿದ ಕೂಡಲೇ ಮೆಹೆರಾಜ ಅವನ ಗುರುತು ಹಿಡಿದಳು. ಅವನಿಗೆ ಅವಳ ಗುರುತು ಸಿಗಲಿಲ್ಲ.

ನೇಸರಗಿಯಲ್ಲಿ ಅವಳ ಅಪ್ಪ ಅಕ್ಬರಸಾಬನ ಗ್ಯಾರೇಜ್ ಇತ್ತು. ಒಂದು ಸಂತೆಯ ದಿನ ಇದೇ ಬೀರಪ್ಪ ಅವನ ಅಂಗಿ ಹಿಡಿದು, ರಿಪೇರಿಗೆ ಬಿಟ್ಟ ಗಾಡಿಯ ಪೆಟ್ರೋಲ್ ಕದ್ದನೆಂದು ಕೂಗಾಡಿದ್ದ. ಗಿರಾಕಿಗಳು ಬರುವುದು ನಿಂತಿತು. ಅಕ್ಬರಸಾಬ ಗ್ಯಾರೇಜಿಗೆ ಬೀಗ ಹಾಕಿದ. ಸಾಯುವವರೆಗೂ ಸಂತೆಯ ದಿನ ಮನೆಯಿಂದ ಹೊರಬೀಳಲಿಲ್ಲ. ಮೆಹೆರಾಜ ಮದುವೆಯಾಗಿ ಬೈಲಹೊಂಗಲಕ್ಕೆ ಬಂದು ಬಿಡಿಭಾಗಗಳ ಅಂಗಡಿ ಇಟ್ಟಳು. ಸಣ್ಣಪುಟ್ಟ ರಿಪೇರಿಯನ್ನೂ ತಾನೇ ಮಾಡುತ್ತಿದ್ದಳು.

"ಚಾಲೂ ಆಗತೈತಿ, ಸ್ವಲ್ಪ ದೂರ ಹ್ವಾದ ಮ್ಯಾಲ ಬಂದ್ ಬೀಳತೈತ್ರಿ," ಎಂದ ಬೀರಪ್ಪ. "ಪ್ಲಗ್ ಬದಲಿ ಮಾಡಿಸೇನಿ, ಕಾರ್ಬುರೇಟರ್ ತೊಳಿಸೇನಿ. ಟಾಕ್ಯಾಗ ಪೆಟ್ರೋಲ್ ಐತಿ."

ಹಿಂದೆ ಅವನ ಹೆಂಡತಿ ದೇವಕ್ಕ ಬಿಸಿಲಿಗೆ ಸೆರಗು ಹೊದ್ದು ನಿಂತಿದ್ದಳು.

ಮೆಹೆರಾಜ ಟಾಕಿಯ ಮುಚ್ಚಳ ತಿರುವಿದಳು. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಸಣ್ಣ ತೂತಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಒಂದು ಸೂಜಿಯ ಕೆಲಸ. ಅವಳು ಸೂಜಿ ಮುಟ್ಟಲಿಲ್ಲ. ಮುಚ್ಚಳವನ್ನು ಹಾಗೇ ಹಾಕಿದಳು.

"ಈಗ ಕಿಕ್ ಹೊಡೀರಿ."

ಗಾಡಿ ಶುರುವಾಯಿತು. ಗಂಡ ಹೆಂಡತಿ ಸವದತ್ತಿ ರಸ್ತೆ ಹಿಡಿದರು. ಮರದ ನೆರಳೂ ಇಲ್ಲದ ಬಯಲಿನಲ್ಲಿ ಅದು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಅಂದು ಅವಳಿಗೆ ಊಟ ರುಚಿಸಿತು.

ಮಧ್ಯಾಹ್ನ ಅವರು ತಳ್ಳಿಕೊಂಡೇ ಮರಳಿದರು. ದೇವಕ್ಕನ ಚಪ್ಪಲಿ ಹರಿದು, ಅಂಗಾಲು ಸುಟ್ಟಿತ್ತು. ಮೆಹೆರಾಜ ಅವಳಿಗೆ ನೀರು ಕೊಟ್ಟು, ಬೀರಪ್ಪನ ಕಡೆ ತಿರುಗಿದಳು.

"ನಾ ನೇಸರಗಿ ಅಕ್ಬರಸಾಬನ ಮಗಳು. ಏನು ಬಿಘಾಡ ಆಗೇತಿ ಅಂತ ಮುಂಜಾನೀನ ಗೊತ್ತಿತ್ತು. ಬೇಕಂತನ ಬಿಟ್ಟೆ."

ಬೀರಪ್ಪನ ಮುಖ ಬಿಳುಚಿತು. "ಆವತ್ತ ನನಗ ತಪ್ಪ ತಿಳುವಳಿಕಿ ಆಗಿತ್ತವಾ..."

"ಸುಳ್ಳ ಹೇಳಬ್ಯಾಡ್ರಿ," ದೇವಕ್ಕ ಗಂಡನನ್ನು ತಡೆದಳು. "ಗ್ಯಾರೇಜಿನಿಂದ ಗಾಡಿ ತಂದಾಂವ ನನ್ನ ಮೈದುನ. ಹಾದ್ಯಾಗ ಪೆಟ್ರೋಲ್ ತಗದಾಂವನೂ ಅಂವನ. ಮುಂದಿನ ಸಂತಿ ಬರೂದ್ರಾಗ ಇವರಿಗೆ ಗೊತ್ತಾತು. ಮನಿ ಮರ್ಯಾದಿ ಅಂತ ಬಾಯಿ ಬಿಡಲಿಲ್ಲ."

ಬೀರಪ್ಪ ತಿಳಿಯದೆ ಅಂದಿದ್ದನೆಂದೇ ಮೆಹೆರಾಜ ಇಷ್ಟು ವರ್ಷ ನಂಬಿದ್ದಳು. ಅವಳು ಮುಚ್ಚಳ ಕಳಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಟಾಕಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದಳು.

"ಗಾಡಿ ಇಲ್ಲೇ ಇರಲಿ. ಸಂತಿ ದಿನ ನಮ್ಮಪ್ಪನ ಗ್ಯಾರೇಜ್ ಮುಂದ ನಿಂತು ಈ ಮಾತ ಹೇಳ್ರಿ."

"ಪೊಲೀಸರ ಕಡೆ ಹೋಗತೇನಿ," ಎಂದ ಬೀರಪ್ಪ.

"ಹೋಗ್ರಿ. ಅಲ್ಲೂ ಇದನ್ನ ಹೇಳಬೇಕಾಗತೈತಿ."

ಸಂತೆಯ ದಿನ ಮೆಹೆರಾಜ ನೇಸರಗಿಯ ಗ್ಯಾರೇಜಿನ ಮುಂದೆ ಕಾಯುತ್ತಿದ್ದಾಗ ಅವನು ಬಂದ. ಹೆಂಡತಿಯೇ ಎಳೆದು ತಂದಂತಿತ್ತು. ಬೀಗ ಬಿದ್ದ ಬಾಗಿಲ ಮುಂದೆ ನಿಂತು ಬಾಯೊಳಗೇ ಏನೋ ಅಂದ.

"ಕೇಳಸಲಿಲ್ಲ," ಎಂದಳು ಮೆಹೆರಾಜ.

ಅವನು ಮತ್ತೆ ಹೇಳಿದ. ಚಹಾದಂಗಡಿಯಿಂದ ಜನ ಎದ್ದು ಬಂದರು. ಅಪ್ಪನ ಹಳೆಯ ಗಿರಾಕಿ ಬಸಯ್ಯ ಕೇಳಿದ: "ಗೊತ್ತಿದ್ದೂ ಅಂವಾ ಸಾಯೂ ಮಟ ಸುಮ್ಮನಿದ್ದಿ?"

"ಈಗ ಬಂದವರಿಗೆ ಇನ್ನೊಮ್ಮೆ ಹೇಳ್ರಿ," ಎಂದಳು ಅವಳು. ಹೇಳಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅವಳು ಸೂಜಿಯಿಂದ ತೂತಿನ ಮಣ್ಣು ಬಿಡಿಸಿದ್ದ ಮುಚ್ಚಳವನ್ನು ದೇವಕ್ಕನ ಕೈಗೆ ಕೊಟ್ಟಳು.

ಮರಳುವ ಬಸ್ಸಿನಲ್ಲಿ, ಅವನಿಂದ ಇನ್ನೂ ಒಂದು ಸಲ ಹೇಳಿಸಬೇಕಿತ್ತು ಎಂದೇ ಮೆಹೆರಾಜಳಿಗೆ ಅನ್ನಿಸುತ್ತಿತ್ತು.