ಟೆರಿಲಿನ್ ಕೊಳವೆ

ನಡುರಾತ್ರಿ ಬಚ್ಚಲಿನಲ್ಲಿ ಟಪ್, ಟಪ್ ಎಂದು ಸದ್ದು. ಚೂಡಾಮಣಿ ಎದ್ದು ಕತ್ತಲಲ್ಲೇ ನಲ್ಲಿ ಬಿಗಿಮಾಡಿ ಬಂದಳು. ಸದ್ದು ನಿಲ್ಲಲಿಲ್ಲ. ಬೆಳಗಾದರೆ ಆಪರೇಷನ್. ಅರಿವಳಿಕೆ ಕೊಡುವವಳು ಅವಳು, ಕತ್ತರಿ ಹಿಡಿಯುವವನು ಗಂಡ ವೆಂಕಟಾಚಲ. ನಿದ್ದೆಗೆಡಬಾರದೆಂದು ಮುಸುಕೆಳೆದುಕೊಂಡಳು.

ಇಟ್ಟಮಡುವಿನ ಚಿಕ್ಕಬೈರಪ್ಪನ ಹೊಟ್ಟೆಯಲ್ಲಿ ಮಹಾಧಮನಿ ಬಲೂನಿನಂತೆ ಉಬ್ಬಿತ್ತು. ಒಡೆದರೆ ಸಾವು. ಉಬ್ಬನ್ನು ಕತ್ತರಿಸಿ ಅಲ್ಲಿಗೆ ಬಟ್ಟೆಯ ಕೊಳವೆ ಹೊಲಿಯಬೇಕು. ೧೯೬೩ರಲ್ಲಿ ಅಂಥದ್ದು ಇಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ಜಯನಗರದ ಮನೆಯ ಹೊಲಿಗೆ ಯಂತ್ರದಲ್ಲಿ ಬಿಳಿ ಟೆರಿಲಿನ್‌ನಿಂದ ಅವಳೇ ಹೊಲಿದು, ತೊಳೆದು, ಡಬ್ಬಿಯಲ್ಲಿಟ್ಟಿದ್ದಳು. ಬೆಳಗ್ಗೆ ತೆರೆದೂ ನೋಡದೆ ಡಬ್ಬಿ ಒಯ್ದಳು. ಆಸ್ಪತ್ರೆಯವರು ಹಬೆಯಲ್ಲಿ ಬೇಯಿಸಿದರು.

ಹೊಲಿಯುವ ಮೊದಲು ಕೊಳವೆಗೆ ರೋಗಿಯ ರಕ್ತವನ್ನೇ ಕುಡಿಸಬೇಕು. ಅದು ನೇಯ್ಗೆಯೊಳಗೆ ಹೆಪ್ಪುಗಟ್ಟಿದರೆ ಮಾತ್ರ ಬಟ್ಟೆ ಸೋರದು.

"ಗರಿಗರಿ ಇದೆಯಲ್ಲೇ," ಎಂದ ವೆಂಕಟಾಚಲ, ಅದನ್ನು ರಕ್ತದಲ್ಲಿ ಅದ್ದುತ್ತ.

"ಹೊಸಾ ಬಟ್ಟೆ ಅಲ್ವೇನ್ರೀ."

ಹೊಲಿದು ಮುಗಿಸಿ, ಧಮನಿಯನ್ನು ಬಿಗಿಹಿಡಿದಿದ್ದ ಇಕ್ಕಳ ತೆಗೆದ. ಕೊಳವೆಯ ಮೈ ಮೊದಲು ಕೆಂಪಗೆ ಬೆವರಿತು. ಮರುಕ್ಷಣ ನೂರು ಕಡೆಯಿಂದ ರಕ್ತ ಚಿಮ್ಮಿ ಅವನ ಕನ್ನಡಕಕ್ಕೆ, ದೀಪದ ಗಾಜಿಗೆ ಬಡಿಯಿತು. ಮುಷ್ಟಿಯನ್ನು ಹೊಟ್ಟೆಯೊಳಗೆ ತುರುಕಿ ಧಮನಿಯನ್ನು ಬೆನ್ನುಮೂಳೆಗೆ ಅದುಮಿದ.

"ರಕ್ತ ಕೊಡೇ! ಇನ್ನೊಂದ್ ಬಾಟ್ಲು!"

ಏರಿಸಿದ್ದೆಲ್ಲ ನೆಲಕ್ಕೆ ಸುರಿಯಿತು. ಅವಳ ಬೆರಳಡಿ ಕತ್ತಿನ ನಾಡಿ ನಾಲ್ಕು ಸಲ ಒದ್ದು, ನಿಂತಿತು.

ಹೊರಗೆ ಸತ್ತವನ ತಮ್ಮ ಬೈರಣ್ಣ ವೆಂಕಟಾಚಲನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. "ನಡ್ಕೊಂಡ್ ಬಂದಿದ್ದ ಕಣೋ ನಮ್ಮಣ್ಣ! ಕುರಿ ಕುಯ್ದಂಗೆ ಕುಯ್ದ್‌ಬಿಟ್ಯಲ್ಲೋ!" ಗುದ್ದಿಗೆ ಹಲ್ಲೊಂದು ಮುರಿಯಿತು. ಬಿಡಿಸಲು ಬಂದ ಹೆಂಡತಿಯನ್ನು ವೆಂಕಟಾಚಲನೇ ತಡೆದ.

"ಹೊಡೀಲಿ ಬಿಡೇ. ನನ್ನ ಹೊಲಿಗೇನೇ ಕೈ ಕೊಟ್ಟಿದ್ದು. ಇನ್ನು ಕತ್ತರಿ ಮುಟ್ಟಲ್ಲ."

ಮನೆಗೆ ಬಂದವನೇ ಕೋಣೆ ಸೇರಿ ಚಿಲಕ ಹಾಕಿಕೊಂಡ. ಅತ್ತೆ ಲಕ್ಷ್ಮಿದೇವಮ್ಮ ಏನೂ ತಿಳಿಯದೆ ಕಾಫಿ ತಂದರು.

"ಆ ಡಬ್ಬೀಲಿದ್ದ ಬಟ್ಟೆ ಎಷ್ಟು ಮುದುರ್ಕೊಂಡಿತ್ತೇ! ರಾತ್ರಿ ಇವನ ಕೋಟಿನ ಜೊತೆ ಅದಕ್ಕೂ ಗಂಜಿ ಹಾಕಿ ಬಚ್ಚಲಲ್ಲಿ ನೇತುಹಾಕ್ದೆ. ಬೆಳಗಿನ ಜಾವ ಎದ್ದು ಇಸ್ತ್ರಿ ಮಾಡಿಟ್ಟೆ. ನೆಟ್ಟಗೆ ಕೂತಿತಾ?"

ಚೂಡಾಮಣಿ ಲೋಟ ಕೆಳಗಿಟ್ಟಳು. ಗಂಜಿ ಹಿಡಿದ ನೇಯ್ಗೆಯೊಳಗೆ ರಕ್ತ ಇಳಿದಿರಲೇ ಇಲ್ಲ. ಬಿಸಿ ರಕ್ತ ಹರಿದಾಗ ಗಂಜಿ ಕರಗಿ ನೇಯ್ಗೆ ಬಾಯಿ ಬಿಟ್ಟಿತ್ತು. ರಾತ್ರಿ ನಲ್ಲಿ ಬಿಗಿಮಾಡಿದ ಮೇಲೂ ತೊಟ್ಟಿಕ್ಕುತ್ತಿದ್ದುದು ನೇತುಹಾಕಿದ್ದ ಆ ಕೊಳವೆಯೇ. ದೀಪ ಹಾಕಿ ನೋಡಿದ್ದರೆ ಸಾಕಿತ್ತು.

ಹೇಳಿದರೆ ಗಂಡ ಮತ್ತೆ ಕತ್ತರಿ ಹಿಡಿಯುತ್ತಾನೆ. ಆದರೆ ಈ ಮುದುಕಿ ಬದುಕುವುದಿಲ್ಲ.

ಕೋಣೆಯೊಳಗಿನಿಂದ ಅವನು ಗೋಡೆಗೆ ಕೈ ಗುದ್ದಿಕೊಳ್ಳುವುದು ಕೇಳಿಸಿತು. ಒಮ್ಮೆ. ಮತ್ತೊಮ್ಮೆ.

ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿದಳು.

"ಕೂತಿತು, ಅತ್ತೆ," ಎಂದಳು.