ಪೋಕರ್ ಮೇಜು ಸುತ್ತಿದ ತೂತಿಲ್ಲದ ಗಾಲಿ

ನಾನೊಂದು ಮರದ ಗಾಲಿ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಅಗಲ, ಮೈಯೆಲ್ಲ ಹಳದಿ ಅರಗು. ಚನ್ನಪಟ್ಟಣದ ಅಮೀನಾಬಿ ನನ್ನನ್ನು ಆಟಿಕೆಯ ಬಂಡಿಗೆಂದು ಕಡೆದಳು. ಆದರೆ ಪಕ್ಕದ ಮನೆಯವಳ ಜೊತೆ ಮಾತಿಗಿಳಿದು ನಡುವೆ ತೂತು ಕೊರೆಯುವುದನ್ನೇ ಮರೆತಳು. ತೂತಿಲ್ಲದ ಗಾಲಿಯನ್ನು ಯಾವ ಬಂಡಿ ತಾನೇ ಕಟ್ಟಿಕೊಳ್ಳುತ್ತದೆ!

ಹೆದ್ದಾರಿಯ ಬೊಂಬೆ ಅಂಗಡಿಯಲ್ಲಿ ಹುಬ್ಬಳ್ಳಿಯ ಈರಬಸಪ್ಪ ಅಕ್ಕಿಯವರು ಮೊಮ್ಮಗಳಿಗೆ ಬುಗುರಿ ಕೊಂಡರು. "ಇದೂ ಇರ್ಲಿ ತಗೊಳ್ಳಿ ಸಾರ್" ಎಂದು ಅಂಗಡಿಯವನು ನನ್ನನ್ನೂ ಚೀಲಕ್ಕೆ ಹಾಕಿದ. ಮೊಮ್ಮಗಳು ಬುಗುರಿ ಇಟ್ಟುಕೊಂಡು ನನ್ನನ್ನು ಅಜ್ಜನ ತೊಡೆಗೆ ಎಸೆದಳು.

ಈರಬಸಪ್ಪನವರು ಪೋಕರ್ ಪಂದ್ಯಾವಳಿಗಳಲ್ಲಿ ಮೂವತ್ತು ವರ್ಷ ಕೂತು ಪಳಗಿದವರು. ನನ್ನನ್ನು ತಮ್ಮ ಕ್ಲಬ್ಬಿಗೆ ಒಯ್ದು, "ಇನ್ನ ಮ್ಯಾಲ ಇದ ನಮ್ಮ ಡೀಲರ್ ಬಟನ್" ಎಂದರು. ಇಸ್ಪೀಟು ಎಲೆ ಹಂಚುವ ಸರದಿ ಯಾರದೆಂದು ತೋರಿಸುವ ಗುರುತು ನಾನು. ಆಟಕ್ಕೊಮ್ಮೆ ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ ಸರಿಯಬೇಕು. ಬಂಡಿ ಸಿಗದಿದ್ದರೇನು, ಸುತ್ತುವುದಂತೂ ಸಿಕ್ಕಿತು! ಹಸಿರು ಬಟ್ಟೆಯ ಮೇಲೆ ಮಲಗಿ, ಎಲ್ಲರ ಗದ್ದ, ಮೂಗಿನ ಹೊಳ್ಳೆ ನೋಡುತ್ತಾ ಒಂಬತ್ತು ವರ್ಷ ಸುಖವಾಗಿ ಕಳೆದೆ.

ವರ್ಷಕ್ಕೊಮ್ಮೆ ಕ್ಲಬ್ಬಿನಲ್ಲಿ ಗೆದ್ದ ಒಬ್ಬರನ್ನು ಗೋವಾದ ದೊಡ್ಡ ಪಂದ್ಯಾವಳಿಗೆ ಕಳಿಸುತ್ತಿದ್ದರು. ಅಲ್ಲಿ ಕೂರುವ ಆ ಕುರ್ಚಿ ಎಂದೂ ಈರಬಸಪ್ಪನವರದೇ. ಒಂದು ವರ್ಷ ಔಷಧಿ ಅಂಗಡಿಯ ಸುಮಂಗಲಾ ಕಿತ್ತೂರ ತಾನೂ ಆಡುತ್ತೇನೆಂದು ಹೆಸರು ಕೊಟ್ಟಳು. ಫೋನಿನಲ್ಲಿ ಒಮ್ಮೆಗೇ ನಾಲ್ಕು ಮೇಜು ಆಡಿ ಗೆಲ್ಲುವವಳು ಅವಳು. ನಿಜವಾದ ಎಲೆಯನ್ನು ಮಾತ್ರ ಕೈಯಲ್ಲಿ ಹಿಡಿದಿರಲಿಲ್ಲ. "ಫೋನ್ ಒತ್ತೂದೂ ಒಂದ್ ಆಟ ಏನಬೇ?" ಎಂದು ಗಂಡಸರು ನಕ್ಕರು. ಆ ನಗೆ ಅವಳಿಗೆ ನಾಟಿತು. ಗೋವಾದ ಕುರ್ಚಿ ಅವಳಿಗೆ ಬೇಕೇ ಬೇಕಾಯಿತು.

ಪಾಪ, ಮೊದಲ ಗಂಟೆಯಲ್ಲೇ ಎಡವಿದಳು. ಪಣ ಏರಿಸಲೆಂದು ದೊಡ್ಡ ಬೆಲೆಯದೊಂದು ಪಣದ ಬಿಲ್ಲೆಯನ್ನು ಸುಮ್ಮನೆ ಮುಂದೆ ಎಸೆದಳು. ಮೇಜಿನ ರೂಢಿಯೇ ಬೇರೆ. ಬಾಯಿಬಿಟ್ಟು "ರೇಸ್", ಅಂದರೆ ಏರಿಸಿದೆ, ಅನ್ನದೆ ಒಂಟಿ ಬಿಲ್ಲೆ ಎಸೆದರೆ, ಅದೆಷ್ಟೇ ದೊಡ್ಡದಿರಲಿ, ಎದುರಿನ ಪಣಕ್ಕೆ ಸರಿಗಟ್ಟಿದಂತಷ್ಟೇ. ಫೋನಿನಲ್ಲಿ ಬಾಯಿಗೇನು ಕೆಲಸ? ಮೇಜೆಲ್ಲ ಗೊಳ್ಳೆಂದಿತು. ನನಗೆ ಎಂಥ ಸಿಟ್ಟು ಬಂತು ಅಂತೀರಿ!

ಆದರೆ ಲೆಕ್ಕದಲ್ಲಿ ಅವಳು ಹುಲಿ. ಯಾವ ಎಲೆ ಬರುವ ಸಾಧ್ಯತೆ ಎಷ್ಟೆಂದು ಕಣ್ಣುಮಿಟುಕಿಸುವಷ್ಟರಲ್ಲಿ ಎಣಿಸುತ್ತಿದ್ದಳು. ನಕ್ಕವರು ಒಬ್ಬೊಬ್ಬರಾಗಿ ಸೋತು ಎದ್ದರು. ಕೊನೆಗೆ ಅವಳೂ ಈರಬಸಪ್ಪನವರೂ ಇಬ್ಬರೇ ಉಳಿದರು.

ಅಲ್ಲಿ ನೋಡಿ ಕಷ್ಟ ಶುರುವಾಯಿತು. ಅವಳಿಗೆ ಒಳ್ಳೆಯ ಎಲೆ ಬಂದರೆ ಮುದುಕ ತನ್ನ ಎಲೆ ಕೆಳಗಿಟ್ಟು ಆ ಆಟ ಬಿಟ್ಟುಕೊಡುತ್ತಿದ್ದರು. ಅವಳು ಬರಿಗೈಯಲ್ಲಿ ಹೆದರಿಸಲು ಹೋದರೆ ಬಿಡದೆ ಹಿಡಿಯುತ್ತಿದ್ದರು. ಅವಳ ಬಿಲ್ಲೆಗಳು ಕರಗುತ್ತಾ ಬಂದವು. ಚಹಾ ಕುಡಿಯಲು ಆಟ ನಿಂತಾಗ ಅವಳ ಕಣ್ಣು ತುಂಬಿತ್ತು. ಈರಬಸಪ್ಪನವರು ಬಸಿಯಲ್ಲಿ ಚಹಾ ಆರಿಸುತ್ತಾ ಹೇಳಿದರು:

"ತಂಗಿ, ಛಲೋ ಎಲಿ ಬಂತಂದ್ರ ನಿನ್ನ ತೋರಬೆರಳು ಅಲ್ಲಾಡ್ತೈತಿ. ಫೋನ್ ಒತ್ತಿದಂಗ."

"ಅದನ್ನ ನನಗ್ಯಾಕ ಹೇಳ್ತೀರಿ ಕಾಕಾ?"

"ಬೆರಳ ನೋಡಿ ಗೆದ್ದರ ಏನ್ ಮಜಾ? ಆಡಿ ಗೆಲ್ಲಬೇಕ."

ಚಹಾ ಆದಮೇಲೆ ಅವಳು ಮುಷ್ಟಿ ಬಿಗಿದು ಆಡಿದಳು. ನಿಧಾನವಾಗಿ ಬಿಲ್ಲೆಗಳು ಇಬ್ಬರಲ್ಲೂ ಸಮವಾದವು. ಆಮೇಲೊಂದು ಆಟದಲ್ಲಿ ನಾನು ಅವಳ ಮುಂದಿದ್ದಾಗ ಅವಳು ಎಲ್ಲ ಬಿಲ್ಲೆಗಳನ್ನೂ ತಳ್ಳಿ, ಈ ಸಲ ಗಟ್ಟಿಯಾಗಿ "ಆಲ್ ಇನ್" ಎಂದಳು. ಹಾಗೆ ಅಂದವಳೇ ಅಂಗೈಯನ್ನು ನನ್ನ ಮೇಲೆ ಬೋರಲು ಹಾಕಿದಳು. ಒಳಗೆ ಬೆರಳು ನನ್ನ ಬೆನ್ನನ್ನು ಕುಟ್ಟುತ್ತಿತ್ತು, ಬಿಟ್ಟೂಬಿಡದೆ! ಅಯ್ಯೋ ನಮ್ಮವ್ವಾ, ಸದ್ದಾಗದಿರಲಪ್ಪಾ ಎಂದು ಉಸಿರು ಹಿಡಿದೆ.

ಈರಬಸಪ್ಪನವರು ಆ ಕೈಯನ್ನೇ ಬಹಳ ಹೊತ್ತು ನೋಡಿದರು. "ಬೆರಳು ಅಲ್ಲಾಡ್ತೈತಿ ಅಂತ ನಾ ನಂಬಲಿ ಅಂತನ ಮುಚ್ಚಿದಿ. ಅಂದ್ರ ಬೆರಳು ಸುಮ್ನ ಐತಿ. ಕೈಯಾಗ ಏನೂ ಇಲ್ಲ. ನೋಡೇ ಬಿಡೂಣು!" ಎಂದು ತಮ್ಮದನ್ನೂ ಎಲ್ಲ ತಳ್ಳಿದರು.

ಅವರದು ಎರಡು ರಾಣಿ. ಅವಳದು ಎರಡು ರಾಜ. ಇಬ್ಬರಿಗೂ ಸೇರಿ ಮೇಜಿನ ಮೇಲೆ ಬಿದ್ದ ಐದು ಎಲೆಗಳು ಯಾರಿಗೂ ನೆರವಾಗಲಿಲ್ಲ. ಕುರ್ಚಿ ಸುಮಂಗಲಾಳದಾಯಿತು! "ನಾನ ಕಲಿಸಿ ನಾನ ಬಿದ್ದೆನಲ್ಲೋ!" ಎಂದು ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋವಾದಲ್ಲಿ ಅವಳು ಎರಡನೇ ದಿನ ಸೋತಳು. ಆದರೂ ಅಲ್ಲಿನ ಮೇಜಿನ ಫೋಟೋ ಅವಳ ಅಂಗಡಿಯ ಗೋಡೆಯಲ್ಲಿದೆ.

ಈಗ ನನ್ನ ಅರಗು ಉದುರಿದೆ. ಕ್ಲಬ್ಬಿಗೆ ಪ್ಲಾಸ್ಟಿಕ್ ಬಟನ್ ಬಂದಿದೆ. ನಾನು ಈರಬಸಪ್ಪನವರ ಮನೆಯ ಕಿಟಕಿಯಲ್ಲಿ ಬಿಸಿಲು ಕಾಯಿಸುತ್ತೇನೆ. ಫೋನಿನವರು ಮೇಲೋ, ಮೇಜಿನವರು ಮೇಲೋ ಎಂದು ಕೇಳಿದರೆ ನಾನೇನು ಹೇಳಲಿ? ಇಬ್ಬರ ಕೈಯ ಬೆವರೂ ಒಂದೇ ಎಂಬುದಷ್ಟೇ ನನಗೆ ಗೊತ್ತು.

ಭಾನುವಾರ ಬೆಳಿಗ್ಗೆ ಸುಮಂಗಲಾ ಬಂದು ಕಾಕಾನಿಗೆ ಫೋನಿನ ಆಟ ಕಲಿಸುತ್ತಾಳೆ. "ಈ ಮಂದಿಗೆ ಮಾರೀನ ಇಲ್ಲಲ್ಲಬೇ!" ಎಂದು ಫೋನಿನಲ್ಲಿ ಕಾಣದ ಮುಖಗಳನ್ನು ಬೈಯುತ್ತಲೇ ಅವರು ಸೋಲುತ್ತಾರೆ. ಮೊನ್ನೆ ಅವರಿಗೆ ಎರಡು ಎಕ್ಕ ಬಂದವು. ಒಳ್ಳೆಯ ಎಲೆ ಬಂದಾಗ ಇಷ್ಟು ವರ್ಷ ಹುಬ್ಬನ್ನೂ ಅಲುಗಿಸದ ಮನುಷ್ಯ ಅತ್ತಿತ್ತ ನೋಡಿದರು.

"ಇಲ್ಲಿ ನಮ್ಮನ್ನ ಯಾರೂ ನೋಡಂಗಿಲ್ಲ, ಹೌದಿಲ್ಲ?"

"ಯಾರೂ ಇಲ್ರಿ ಕಾಕಾ."

ಎಪ್ಪತ್ತೆರಡರ ಮುದುಕ ಧೋತರ ಎತ್ತಿ ಕಟ್ಟಿ ಕುಣಿದೇಬಿಟ್ಟರು! "ಕಾಕಾ, ಟೈಮ್! ಒತ್ರಿ!" ಎಂದು ಸುಮಂಗಲಾ ಕೂಗಿದಳು. ಅಷ್ಟರಲ್ಲಿ ಗಡುವು ಮುಗಿದು ಫೋನು ಅವರ ಎರಡು ಎಕ್ಕಗಳನ್ನೂ ತಾನೇ ಕೆಳಗಿಟ್ಟಿತ್ತು.

"ಹೋದ್ರ ಹೋಗ್ಲಿ ತಗಿ!" ಎಂದರು ಈರಬಸಪ್ಪನವರು, ಇನ್ನೂ ಕುಣಿಯುತ್ತಲೇ.