ಗುರುಲಿಂಗಯ್ಯ ಮಾಸ್ತರರು ಟ್ರೇನಿಂಗಿಗೆ ಹೋದರು

ನಿಜಾಮರ ಕಾಲದ ಮಾತು. ಕುರಕುಂಟಾದ ಶಾಲೆಯಲ್ಲಿ ಮೂವತ್ತು ಮಕ್ಕಳ ಹೆಸರಿತ್ತು, ಬರುವವರು ಒಂಬತ್ತೇ ಮಂದಿ. "ಹೀಂಗಾದ್ರ ಶಾಲಿ ಉಳಿಯಂಗಿಲ್ಲ" ಎಂದು ತಪಾಸಣೆಗೆ ಬಂದ ಸಾಹೇಬರು ಹೇಳಿ ಹೋಗಿದ್ದರು.

ಅಲ್ಲಿನ ಗುರುಲಿಂಗಯ್ಯ ಮಾಸ್ತರರು ಕೆಟ್ಟವರಲ್ಲ. ಆದರೆ ಲೆಕ್ಕ ತಪ್ಪಿದರೆ ಛಡಿ ಏಳುತ್ತಿತ್ತು. ರೇವಣಪ್ಪನ ಮಗಳು ಅಂಬುಬಾಯಿಯಂತೂ ಏಟು ತಿಂದು ತಿಂದು ಬಾಯಿ ಬಿಡುವುದನ್ನೇ ಮರೆತಿದ್ದಳು.

ಒಂದು ದಿನ ದಂಡೋತಿಯ ನಬೀಸಾಬ್ ಮಾಸ್ತರರು ಗೆಳೆಯ ಗುರುಲಿಂಗಯ್ಯನವರನ್ನು ನೋಡಲು ಶಾಲೆಗೇ ಬಂದರು. ಅವರು ಕಲಬುರ್ಗಿಯಲ್ಲಿ ಮಾಸ್ತರರ ಟ್ರೇನಿಂಗ್ ಮುಗಿಸಿದವರು.

"ಬ್ಯಾಸಗಿ ಸೂಟಿಯಾಗ ನೀನೂ ಹೋಗಿ ಬಾರಪಾ, ಗುರುಲಿಂಗಯ್ಯ."

"ಇಪ್ಪತ್ತು ವರ್ಷದಿಂದ ಕಲಸಲಿಕತ್ತೀನಿ. ಈಗ ನಾ ಹೋಗಿ ಹುಡುಗರಂಗ ಕುಂದರ್ಲೇನು? ಮಂದಿ ನಗ್ತಾರ!"

"ಆ ಹುಡುಗಿ ಯಾಕ ಹೆದರಿ ಕುಂತಾಳ?"

"ಅಂಬುಬಾಯಿ? ಅಕಿ ತಲಿಗಿ ಏನೂ ಹತ್ತಂಗಿಲ್ಲ."

ನಬೀಸಾಬರು ಅವಳನ್ನು ಹತ್ತಿರ ಕರೆದರು. ಜೋಳದ ದಂಟು ಮುರಿದು ಹತ್ತತ್ತು ಕಡ್ಡಿಯ ಮೂರು ಕಟ್ಟು ಕಟ್ಟಿದರು. ಪಕ್ಕಕ್ಕೆ ಎರಡು ಬಿಡಿ ಕಡ್ಡಿ ಇಟ್ಟರು.

"ಮೂವತ್ತೆರಡು ಆತಲ್ಲ ತಾಯಿ? ಇದರಾಗ ಹದಿನೇಳು ನನಗ ಕೊಡು."

ಹುಡುಗಿ ಒಂದು ಕಟ್ಟು ಕೊಟ್ಟಳು. ಇನ್ನು ಏಳು ಬೇಕು, ಬಿಡಿ ಇರುವುದು ಎರಡೇ. ಸ್ವಲ್ಪ ಹೊತ್ತು ನೋಡಿದವಳು ತಾನಾಗಿಯೇ ಇನ್ನೊಂದು ಕಟ್ಟು ಬಿಚ್ಚಿದಳು. ಏಳು ಎಣಿಸಿ ಕೊಟ್ಟು, ಉಳಿದದ್ದನ್ನು ನೋಡಿ ಕೂಗಿದಳು: "ಹದಿನೈದ್ರಿ!"

ಗುರುಲಿಂಗಯ್ಯನವರು ಉಳಿದ ಕಡ್ಡಿಗಳನ್ನು ತಾವೇ ಮತ್ತೊಮ್ಮೆ ಎಣಿಸಿ ನೋಡಿದರು. ಮನೆಗೆ ಬಂದು ಹೆಂಡತಿ ಶಿವಕಾಂತಮ್ಮನಿಗೆ ಎಲ್ಲ ಹೇಳಿದರು.

"ಹಂಗಾದ್ರ ಹೋಗಿ ಬರ್ರಿ," ಅಂದಳಾಕೆ. "ನಗೋರು ನಾಕು ದಿನ ನಗ್ತಾರ."

ಬೇಸಿಗೆಯಲ್ಲಿ ಮಾಸ್ತರರು ಕಲಬುರ್ಗಿಗೆ ಹೋದರು. ಮೊದಲ ದಿನವೇ ಅಲ್ಲಿನ ಗುರುಗಳು ಅವರನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರು. ಉತ್ತರ ತಿಳಿಯದೆ, ಏಟು ಬೀಳುವುದೇನೋ ಎಂದು ಕೈ ಹಿಂದಕ್ಕೆ ಎಳೆದುಕೊಂಡರು. 'ನನ್ನ ಮಕ್ಕಳಿಗೆ ದಿನಾ ಹೀಗೇ ಆಗಿರಬೇಕು' ಅನಿಸಿತು. ಆಮೇಲೆ ಒಂದು ಪಾಠವನ್ನೂ ಬಿಡಲಿಲ್ಲ. ಲೆಕ್ಕ ಆಡಿಸುವುದು, ಪದ ಹಾಡಿಸುವುದು, ಮಕ್ಕಳ ಮಾತು ಕೇಳುವುದು ಎಲ್ಲ ಕಲಿತರು.

ಶಾಲೆ ತೆರೆದ ದಿನ ಅಂಬುಬಾಯಿಯನ್ನು ಕರೆದು ಎಲ್ಲರೆದುರು ಹೇಳಿದರು: "ತಪ್ಪು ನಿಂದಲ್ಲವ್ವ. ಕಲಸೂದು ನನಗ ಬರ್ತಿರಲಿಲ್ಲ. ಈಗ ಕಲತು ಬಂದೀನಿ."

"ಅಲ್ಲಿ ನಿಮಗೂ ಹೊಡದ್ರೇನ್ರಿ?"

"ಇಲ್ಲವ್ವ. ತಿಳಿಯೂತನಕ ಹೇಳಿಕೊಟ್ರು."

ಮಕ್ಕಳೂ ಮಾಸ್ತರರೂ ಹೊಟ್ಟೆ ತುಂಬ ನಕ್ಕರು. ಛಡಿ ಇಲ್ಲದ ಪಾಠದ ಸುದ್ದಿ ಊರೆಲ್ಲ ಹಬ್ಬಿ, ದಸರಾ ಬರುವಷ್ಟರಲ್ಲಿ ಶಾಲೆಯಲ್ಲಿ ಕೂಡಲು ಜಾಗ ಸಾಲದಾಯಿತು.

ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮೂರ ಮಾಸ್ತರರು ಕಲಿಯಲು ಹೊರಟರೆ ನಗಬೇಡ್ರಿ, ಬುತ್ತಿ ಕಟ್ಟಿ ಕಳಿಸ್ರಿ. ಮಾಸ್ತರರೇ, ನೀವೂ ಸಂಕೋಚ ಬಿಟ್ಟು ಹೊರಡ್ರಿ. ನೀವು ಕಲಿತು ಬಂದರೆ ಊರ ಮಕ್ಕಳೆಲ್ಲ ಕಲೀತಾರ.